ಮಡಿಕೇರಿ: ಬೀದಿ ಚರಂಡಿ ತೋಡಿಗೆ ಸೇರುವ ಜಾಗದಲ್ಲಿ ಒಂದು ತೊಟ್ಟಿ ಕಟ್ಟಿದರೆ ಸಾಕೇ?

ತೋಡಿನಂಚು (ಪ್ರಶ್ನೆ)

ಮಡಿಕೇರಿಯ ಇಳಿಜಾರಿನ ಒಂದು ಬೀದಿ, ಉದ್ದ ಸುಮಾರು 300 ಮೀಟರ್. ಮೇಲ್ಗಡೆ ಕಾರು, ಬೈಕು ತೊಳೆಯುವ ವಾಟರ್ ಸರ್ವಿಸ್ ಒಂದಿದೆ. ಅದರ ಕೆಳಗೆ ಎರಡು ಹೋಟೆಲು, ಒಂದು ಕೋಳಿ ಅಂಗಡಿ. ನಡುವೆ ಬರೆ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು) ಕಡಿದು ಮಟ್ಟ ಮಾಡಿದ ಹೊಸ ಕಟ್ಟಡದ ಜಾಗ. ಉಳಿದದ್ದು ಮನೆಗಳು, ಎರಡು ಹೋಂಸ್ಟೇ. ಎಲ್ಲದರ ಮಳೆನೀರೂ 60 ಸೆಂ.ಮೀ. ಅಗಲದ ಕಲ್ಲುಕಟ್ಟಿನ ಚರಂಡಿಗೆ ಬಿದ್ದು, ಮೋರಿ ದಾಟಿ ನೇರ ತೋಡು (ಸಣ್ಣ ಹಳ್ಳ) ಸೇರುತ್ತದೆ. ತೋಡಿನ ಕೆಳಗೆ ಗದ್ದೆ, ಎರಡು ಬಾವಿ. ಚರಂಡಿಗೆ ನೀರು ಕೊಡುವ ಒಟ್ಟು ಜಾಗ ಐದು ಎಕರೆ ಹತ್ತಿರ ಇದೆ.

ಹೂಮಳೆ (ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನ ಚರಂಡಿಯಲ್ಲಿ ಕಪ್ಪು ನೀರು, ಮೇಲೆ ಎಣ್ಣೆಯ ಬಣ್ಣಬಣ್ಣದ ಪದರ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಕೆಂಪು ನೀರು. ಮಳೆಯೇ ಇಲ್ಲದ ಜನವರಿಯಲ್ಲೂ ಬೆಳಿಗ್ಗೆ ಏಳರಿಂದ ಹತ್ತರವರೆಗೆ ನೊರೆ ಹರಿಯುತ್ತದೆ.

ನಿವಾಸಿಗಳ ಸಂಘದ ಮುಂದೆ ಎರಡು ಯೋಚನೆಗಳಿವೆ. ಒಂದು, ಚರಂಡಿಯ ಕೊನೆಯಲ್ಲಿ 3 ಮೀಟರ್ ಉದ್ದ, 2 ಮೀಟರ್ ಅಗಲ, 1.5 ಮೀಟರ್ ಆಳದ ತೊಟ್ಟಿ ಕಟ್ಟಿ, ಬಾಯಿಗೆ ವೆಲ್ಡ್‌ಮೆಶ್ ಹಾಕುವುದು. ಇನ್ನೊಂದು, ಕಡಿದ ಬರೆಯ ಮೇಲಿರುವ ಖಾಲಿ ಜಾಗದಲ್ಲಿ ಎರಡು ಇಂಗುಗುಂಡಿ ತೋಡಿ, ಚರಂಡಿಗೆ ಬರುವ ನೀರನ್ನು ಕಡಿಮೆ ಮಾಡುವುದು. ಅಳತೆ ಸರಿಯಿದೆಯೇ? ಮೊದಲು ಯಾವುದಕ್ಕೆ ಕೈ ಹಾಕಬೇಕು? ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಕಲ್ಲುಕಟ್ಟು

ಕೊನೆಯ ತೊಟ್ಟಿ ಕಟ್ಟಬೇಡಿ. ದುಡ್ಡು ಹಾಳಾಗುವುದು ಒಂದು ಮಾತು. ಕೆಳಗೆ ತೊಟ್ಟಿ ಇದೆಯಲ್ಲ ಎಂದು ಮೇಲಿನವರೆಲ್ಲ ಸುಮ್ಮನಾಗಿಬಿಡುತ್ತಾರೆ, ಅದು ಇನ್ನೂ ದೊಡ್ಡ ನಷ್ಟ.

ಲೆಕ್ಕ ಹಾಕಿ ನೋಡಿ. ಐದು ಎಕರೆ ಎಂದರೆ ಸುಮಾರು 20,000 ಚದರ ಮೀಟರ್. ಚಾವಣಿ, ಕಾಂಕ್ರೀಟು, ರಸ್ತೆ ಎಲ್ಲ ಸೇರಿ ಬಿದ್ದ ಮಳೆಯಲ್ಲಿ ನೂರಕ್ಕೆ 70 ಪಾಲು ಹರಿಯುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಮಿ.ಮೀ. ಲೆಕ್ಕದ ಜಡಿಮಳೆ ಕಾಲು ಗಂಟೆ ಹೊಡೆದರೂ ಸಾಕು, ಚರಂಡಿಯಲ್ಲಿ ಸೆಕೆಂಡಿಗೆ 230 ಲೀಟರ್ ನೀರು ಬರುತ್ತದೆ. ನಿಮ್ಮ ತೊಟ್ಟಿ ಹಿಡಿಯುವುದು 9,000 ಲೀಟರ್. ನಲವತ್ತು ಸೆಕೆಂಡಿನಲ್ಲಿ ತುಂಬಿತು. ಆಮೇಲೆ ಅದು ತೊಟ್ಟಿಯಲ್ಲ, ಚರಂಡಿಯ ಒಂದು ಅಗಲವಾದ ಭಾಗ, ಅಷ್ಟೇ. ಆ ರಭಸದಲ್ಲಿ ತಳಕ್ಕೆ ಕೂರುವುದು ಕಾಲು ಮಿಲಿಮೀಟರಿಗಿಂತ ದಪ್ಪನಾದ ಮರಳು ಮಾತ್ರ. ಗೋಡುಮಣ್ಣು, ಎಣ್ಣೆ, ಸೋಪು, ಮಲದ ರೋಗಾಣು ಎಲ್ಲ ಒಂದು ಬದಿಯಿಂದ ಬಂದು ಇನ್ನೊಂದು ಬದಿಯಿಂದ ಹೋಗುತ್ತವೆ. ಅದೂ ಸಾಲದೆಂಬಂತೆ, ಸಣ್ಣ ಮಳೆಯಲ್ಲಿ ಕೂತ ಕೆಸರನ್ನು ಮುಂದಿನ ದೊಡ್ಡ ಮಳೆ ಕಲಕಿ ಒಟ್ಟಿಗೇ ತೋಡಿಗೆ ತಳ್ಳುತ್ತದೆ.

ಮೊದಲ ಮಳೆಯನ್ನಷ್ಟೇ ಹಿಡಿದಿಟ್ಟರೆ ಆಗದೇ ಎಂದು ಕೇಳಬಹುದು. ಮೊದಲ 10 ಮಿ.ಮೀ. ಎಂದರೇ 1,40,000 ಲೀಟರ್. ನೀವು ಹೇಳಿದಂಥ ತೊಟ್ಟಿಗಳು ಹದಿನಾರು ಬೇಕು. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಊರಿನಲ್ಲಿ, ಬೆರೆತುಹೋದ ಮೇಲೆ ನೀರು ಶುದ್ಧ ಮಾಡುವ ದಾರಿಯೇ ಇಲ್ಲ. ಬೆರೆಯುವ ಮುಂಚೆ, ಕೊಳಕು ಹುಟ್ಟುವ ಅಂಗಳದಲ್ಲೇ ಹಿಡಿಯಬೇಕು. ಅಲ್ಲಿ ನೀರಿನ ಪ್ರಮಾಣ ಲೀಟರ್ ಲೆಕ್ಕದಲ್ಲಿರುತ್ತದೆ, ತೊಟ್ಟಿಯೂ ಕೈಗೆಟಕುವ ಅಳತೆಯದ್ದಾಗುತ್ತದೆ.

ಚರಂಡಿಯ ಕೊನೆಯಲ್ಲಿ ಏನಾದರೂ ಹಾಕಲೇಬೇಕೆಂದರೆ ಪ್ಲಾಸ್ಟಿಕ್ ತಡೆಯುವ ಸರಳುಬೇಲಿ ಹಾಕಿ. ವೆಲ್ಡ್‌ಮೆಶ್ ಬೇಡ. ಚೌಕ ಕಣ್ಣಿಗೆ ಸಿಲ್ವರ್ ಓಕ್ ಎಲೆ ಎರಡು ಕಡೆಯಿಂದಲೂ ಸಿಕ್ಕಿಕೊಂಡು ಒಂದೇ ಮಳೆಗೆ ಗೋಡೆಯಾಗುತ್ತದೆ, ನೀರು ರಸ್ತೆಗೆ ಏರುತ್ತದೆ. ಆಗ ಯಾರೋ ಒಬ್ಬರು ರಾತ್ರಿ ಬಂದು ಮೆಶ್ ಕಿತ್ತು ಬಿಸಾಡುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ. 12 ಮಿ.ಮೀ. ಸರಳುಗಳನ್ನು ಉದ್ದುದ್ದ ಮಾತ್ರ ಬೆಸೆದು, ನಡುವೆ 25 ಮಿ.ಮೀ. ಸಂದು ಬಿಟ್ಟು, ನೀರಿನ ದಾರಿಗೆ ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಓರೆ ಇದ್ದರೆ ಕಸ ಮೇಲಕ್ಕೆ ಜಾರಿ ನಿಲ್ಲುತ್ತದೆ, ಕುಂಟೆಯಿಂದ ಎಳೆಯುವುದೂ ಸುಲಭ. ಬೇಲಿಯ ತಲೆ ಚರಂಡಿ ಗೋಡೆಗಿಂತ ಕನಿಷ್ಠ 15 ಸೆಂ.ಮೀ. ತಗ್ಗಿರಲಿ. ಕಟ್ಟಿಕೊಂಡರೂ ನೀರು ಅದರ ಮೇಲಿಂದ ಹಾರಿ ಚರಂಡಿಯಲ್ಲೇ ಹೋಗಬೇಕು, ರಸ್ತೆಗೆ ಬರಬಾರದು. ಮಳೆಗಾಲದಲ್ಲಿ ದಿನಕ್ಕೊಮ್ಮೆ, ಉಳಿದಂತೆ ವಾರಕ್ಕೊಮ್ಮೆ ಎಳೆಯುವವರು ಯಾರೆಂದು ಮೊದಲೇ ಗೊತ್ತುಮಾಡಿ. ಆ ಹೆಸರು ಸಿಗದಿದ್ದರೆ ಬೇಲಿಯನ್ನೂ ಹಾಕಬೇಡಿ.

ಚರಂಡಿ ತೋಡಿಗೆ ಬೀಳುವ ಬಾಯಿ ನೋಡಿದ್ದೀರಾ? ಒಂದೇ ಜಿಗಿತಕ್ಕೆ ಬೀಳುತ್ತಿದ್ದರೆ ತೋಡಿನ ದಂಡೆಯ ಮಣ್ಣೇ ಕೊರೆದು ಕೆಂಪಾಗುತ್ತಿರುತ್ತದೆ. ಕಲ್ಲಿನ ಮೆಟ್ಟಿಲು ಇಳಿಸಿ, ಕೆಳಗೆ ಎರಡು ಮೂರು ಮೀಟರ್ ಉದ್ದಕ್ಕೆ ದಪ್ಪ ಕಾಡುಕಲ್ಲು ಹಾಸಿ.

ಲಾವಂಚ

ಕಲ್ಲುಕಟ್ಟು ಅವರು ಇಂಗುಗುಂಡಿಯ ವಿಷಯ ಎತ್ತಲಿಲ್ಲ. ಅದನ್ನೇ ಮೊದಲು ಹೇಳಬೇಕು. ಕಡಿದ ಬರೆಯ ತಲೆಯ ಮೇಲೆ ಇಂಗುಗುಂಡಿ ತೋಡಲೇಬೇಡಿ. ಬಯಲುಸೀಮೆಗೆ ಒಪ್ಪುವ ಬುದ್ಧಿ ಇಲ್ಲಿಗೆ ಒಪ್ಪುವುದಿಲ್ಲ. ನಮ್ಮ ಗುಡ್ಡಗಳಲ್ಲಿ ಮೇಲೆ ಮೆತ್ತನೆಯ ಕೆಂಪು ಮಣ್ಣು, ಅಡಿಯಲ್ಲಿ ಗಟ್ಟಿ ಬಂಡೆ. ಇಂಗಿದ ನೀರು ಆ ಎರಡರ ನಡುವೆ ನಿಂತು ಮಣ್ಣನ್ನು ಎತ್ತಿಹಿಡಿಯುತ್ತದೆ, ಬುಡ ಕಡಿದ ಬರೆಗೆ ಒರಗಲು ಏನೂ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ತೋಟದ ತೊಟ್ಟಿಲು ಗುಂಡಿಗಳನ್ನು ನೋಡಿ ಇದೂ ಹಾಗೇ ಅಂದುಕೊಳ್ಳುವವರಿದ್ದಾರೆ. ಅವು ಮರದ ಬೇರು ಹಿಡಿದ, ಕಡಿಯದ ಇಳುಕಲಿನಲ್ಲಿ, ಒಂದೊಂದೂ ಕೆಲವೇ ಕೊಡ ನೀರು ಹಿಡಿಯುವಂಥವು. ಐದು ಮನೆಯ ಚಾವಣಿ ನೀರನ್ನು ಒಂದೇ ಗುಂಡಿಗೆ ಬಿಡುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ಬರೆಯ ತಲೆಗೆ ಬೇಕಾದದ್ದು ಬಸಿಗಾಲುವೆ. ಅಂಚಿನಿಂದ ಒಂದೂವರೆ ಎರಡು ಮೀಟರ್ ಹಿಂದೆ, 30 ಸೆಂ.ಮೀ. ಅಗಲ, 30 ಸೆಂ.ಮೀ. ಆಳ. ತಳಕ್ಕೆ ಕಾಂಕ್ರೀಟು, ಇಲ್ಲವೇ ಕೊನೆಪಕ್ಷ ದಪ್ಪ ಪ್ಲಾಸ್ಟಿಕ್ ಹಾಳೆ ಬೇಕೇಬೇಕು. ಬರಿ ಮಣ್ಣಿನ ಕಾಲುವೆ ಅದೇ ಒಂದು ಉದ್ದನೆಯ ಇಂಗುಗುಂಡಿಯಾಗುತ್ತದೆ. ಮೇಲಿನ ತಿಳಿ ನೀರನ್ನು ಕಡಿದ ಮಣ್ಣಿಗೆ ತಾಗಿಸದೆ ಬದಿಯಿಂದ ಸುತ್ತಿಸಿ ಚರಂಡಿಗೆ ತರುವುದು ಅದರ ಕೆಲಸ. ಕೆಂಪು ನೀರಿನ ಅರ್ಧ ಪಾಲು ಇದರಿಂದಲೇ ಕಡಿಮೆಯಾಗುವ ಜಾಗಗಳಿವೆ.

ಈಗ ಕೆಂಪು ಬಣ್ಣದ ವಿಚಾರ. ಒಂದು ಮೀಟರ್ ಆಳದ ನಿಂತ ನೀರಿನಲ್ಲಿ 0.05 ಮಿ.ಮೀ.ನ ಸಣ್ಣ ಮರಳಿನ ಕಣ ತಳ ಸೇರಲು ಏಳೆಂಟು ನಿಮಿಷ ಸಾಕು. 0.002 ಮಿ.ಮೀ.ನ ಜೇಡಿ ಕಣಕ್ಕೆ ಮೂರು ದಿನ ಬೇಕು. ನಿಂತ ನೀರಿನಲ್ಲೇ ಮೂರು ದಿನ! ಮಳೆಗಾಲದ ಕಟ್ಟಡದ ಜಾಗದಲ್ಲಿ ಮೂರು ದಿನ ನೀರು ನಿಲ್ಲಿಸುವವರು ಯಾರು? ಹಾಗಾಗಿ ಹೂಳುಗುಂಡಿ, ಗೋಣಿಚೀಲದ ಸಾಲು, ಹಸಿರು ಬಲೆ, ಇವೆಲ್ಲ ಮರಳನ್ನು ಹಿಡಿದಾವು, ಬಣ್ಣವನ್ನಲ್ಲ. ಬಣ್ಣ ತಡೆಯಬೇಕೆಂದರೆ ಮಳೆಹನಿ ಬರಿ ಮಣ್ಣಿಗೆ ಬಡಿಯಬಾರದು. ಮಣ್ಣು ಮುಚ್ಚುವುದೊಂದೇ ದಾರಿ.

ಮಟ್ಟಸ ಜಾಗಕ್ಕೆ ಒಣ ಭತ್ತದ ಹುಲ್ಲು. ಚದರ ಮೀಟರಿಗೆ ಅರ್ಧ ಕಿಲೋ, ಅಂದರೆ 100 ಚದರ ಮೀಟರಿಗೆ 50 ಕಿಲೋ. ಮೇಲಿಂದ ನೋಡಿದರೆ ಮಣ್ಣು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಕಾಣಬೇಕು. ಕಡಿದ ಬರೆಗೆ ಹುಲ್ಲು ನಿಲ್ಲುವುದಿಲ್ಲ, ಅದಕ್ಕೆ ತೆಂಗಿನ ನಾರಿನ ಬಲೆ. ಚದರ ಮೀಟರಿಗೆ 400 ಗ್ರಾಂ ಮತ್ತು 700 ಗ್ರಾಂ ತೂಕದವು ಸಿಗುತ್ತವೆ, ನಮ್ಮ ಮಳೆಗೆ 700ರದ್ದೇ ಬೇಕು. ಬರೆಯ ತಲೆಯಲ್ಲಿ 30 ಸೆಂ.ಮೀ. ಆಳದ ಸಾಲು ತೋಡಿ ಬಲೆಯ ತುದಿಯನ್ನು ಹೂತು ತುಳಿಯಬೇಕು. ಪಟ್ಟಿಗಳನ್ನು ಮೇಲಿಂದ ಕೆಳಕ್ಕೆ ಇಳಿಬಿಡಬೇಕು, ಅಡ್ಡಡ್ಡ ಹಾಸಬಾರದು. ಪಕ್ಕದ ಪಟ್ಟಿಯ ಮೇಲೆ 15 ಸೆಂ.ಮೀ. ಒಂದರ ಮೇಲೊಂದು ಬರಲಿ, ಮೀಟರಿಗೊಂದರಂತೆ ಗೂಟ ಇರಲಿ. ಬಲೆ ಮಣ್ಣಿಗೆ ಅಂಟಿಕೊಂಡಿರಬೇಕು. ಡೇರೆಯಂತೆ ಎದ್ದು ನಿಂತರೆ ನೀರು ಅದರ ಅಡಿಯಲ್ಲೇ ಕೊರೆದು ಹರಿಯುತ್ತದೆ. ಹೆಚ್ಚಿನ ಕಡೆ ಕೆಲಸ ಕೆಡುವುದು ಇದರಿಂದಲೇ.

ಲಾವಂಚದ ಬೇರು ಒಳ್ಳೆಯದು, ಆದರೆ ಜೂನ್‌ನಲ್ಲಿ ನೆಟ್ಟು ಜುಲೈಯಲ್ಲಿ ಕೆಲಸ ಮಾಡಲಿ ಎಂದರೆ ಆಗದು. ಮಾರ್ಚ್ ಕೊನೆಗೇ ನೆಟ್ಟು ನೀರು ಹಾಕಿ ಬೆಳೆಸಬೇಕು. ಬುಡದಿಂದ ಬುಡಕ್ಕೆ 10ರಿಂದ 15 ಸೆಂ.ಮೀ., ಎತ್ತರದಲ್ಲಿ ಮೀಟರಿಗೊಂದು ಸಾಲು. ಸಾಲಿನಲ್ಲಿ ಸಂದು ಬಿಟ್ಟರೆ ನೀರೆಲ್ಲ ಆ ಸಂದಿಗೇ ನುಗ್ಗುತ್ತದೆ.

ನೀಲಿ ಟಾರ್ಪಾಲು ಹೊದಿಸುವವರಿಗೆ ಒಂದು ಮಾತು. ಅದು ಮಣ್ಣನ್ನು ಕಾಯುತ್ತದೆ ನಿಜ. ಆದರೆ ಅದರ ಮೇಲೆ ಬಿದ್ದ ನೀರು ಒಂದು ಹನಿಯೂ ತಡೆಯದೆ ಬುಡಕ್ಕೆ ಬಂದು ಬೀಳುತ್ತದೆ. ಬುಡದಲ್ಲಿ ಕಲ್ಲು ಹಾಸಿದ ಚರಂಡಿ ಇಲ್ಲದಿದ್ದರೆ ಬರೆಯ ಬುಡವೇ ಕೊರೆದುಹೋಗುತ್ತದೆ.

ಕಾಂಕ್ರೀಟು ಮಿಕ್ಸರ್, ಬಾಣಲೆ, ಸಲಿಕೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆಂದು ಮೇಸ್ತ್ರಿಯನ್ನು ಕೇಳಿ. ಸಿಮೆಂಟ್ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 12ರ ಆಸುಪಾಸು, ಮೀನಿನ ಕಿವಿರು ಸುಡುತ್ತದೆ. 2 ಮೀಟರ್ ಚೌಕ, ಅರ್ಧ ಮೀಟರ್ ಆಳದ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರಲ್ಲೇ ತೊಳೆಯಲಿ. ಮಳೆ ಬೀಳದಂತೆ ಮೇಲೊಂದು ತಗಡು. ಗಟ್ಟಿಯಾದ ಮೇಲೆ ಒಡೆದು ಜಲ್ಲಿಯ ಜಾಗದಲ್ಲಿ ತುಂಬಬಹುದು.

ಎಣ್ಣೆಪಸೆ

ವಾಟರ್ ಸರ್ವಿಸ್ ಬಗ್ಗೆ. ಮೂರು ಕೋಣೆಯ ಎಣ್ಣೆತೊಟ್ಟಿ ಕಟ್ಟಿಸುವುದಕ್ಕೂ ಮೊದಲು ತೊಳೆಯುವ ಕಟ್ಟೆಗೆ ಚಾವಣಿ ಹಾಕಿಸಿ. ಕಾರಣ ಹೀಗಿದೆ. ಪೈಪಿನ ನೀರು ನಿಮಿಷಕ್ಕೆ ಹೆಚ್ಚೆಂದರೆ 30 ಲೀಟರ್. 40 ಚದರ ಮೀಟರಿನ ತೆರೆದ ಕಟ್ಟೆಯ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ ಅದೂ ನಿಮಿಷಕ್ಕೆ 33 ಲೀಟರ್. ಮಳೆಯೊಂದೇ ತೊಟ್ಟಿಯ ಲೆಕ್ಕವನ್ನು ಎರಡು ಪಟ್ಟು ಮಾಡುತ್ತದೆ. ಗಾಡಿ ತೊಳೆಯದ ರಾತ್ರಿಯಲ್ಲೂ ಸುರಿದು, ವಾರವಿಡೀ ಹಿಡಿದಿಟ್ಟ ಎಣ್ಣೆಯನ್ನು ಕಲಕಿ ಹೊರಗೆ ಒಯ್ಯುತ್ತದೆ. ಚಾವಣಿ ಕಟ್ಟೆಯಷ್ಟೇ ಅಗಲ ಇದ್ದರೆ ಸಾಲದು. ಇಲ್ಲಿನ ಎರಚಲು ಗೊತ್ತಲ್ಲ, ಸುತ್ತಲೂ ಒಂದು ಮೀಟರ್ ಚಾಚಿರಬೇಕು, ಗಾಳಿ ಬರುವ ಬದಿಗೆ ತಗಡಿನ ಮರೆಯೂ ಬೇಕು. ಚಾವಣಿಯ ದೋಣಿ ನೀರು ಬೇರೆ ಪೈಪಿನಲ್ಲಿ ನೇರ ಚರಂಡಿಗೆ ಹೋಗಲಿ. ಗಾಡಿ ಏರುವ ಬಾಯಿಗೆ 6–7 ಸೆಂ.ಮೀ. ಎತ್ತರದ ದಿಂಡು ಹಾಕಿದರೆ ರಸ್ತೆಯ ನೀರು ಒಳಗೆ ಬರುವುದಿಲ್ಲ, ಒಳಗಿನ ನೀರು ಹೊರಗೆ ಹೋಗುವುದಿಲ್ಲ.

ಇನ್ನು ತೊಟ್ಟಿ. ನಿಮಿಷಕ್ಕೆ 30 ಲೀಟರ್ ನೀರಿಗೆ 1 ಮೀಟರ್ ಅಗಲ, 2.5 ಮೀಟರ್ ಉದ್ದ, ನೀರಿನ ಆಳ 1.2 ಮೀಟರ್. 0.06 ಮಿ.ಮೀ.ನ ಎಣ್ಣೆಹನಿ ಮೇಲೇಳುವ ವೇಗ ಸೆಕೆಂಡಿಗೆ 0.2 ಮಿ.ಮೀ. ಅದಕ್ಕೆ ನೀರಿನ ಮೇಲ್ಮೈ 2.5 ಚದರ ಮೀಟರ್ ಬೇಕು, ಆ ಲೆಕ್ಕದಲ್ಲಿ ಈ ಅಳತೆ. ಆಳ ಹೆಚ್ಚಿಸಿ ಉದ್ದ ಕಡಿಮೆ ಮಾಡಿದರೆ ಪ್ರಯೋಜನವಿಲ್ಲ, ಎಣ್ಣೆಗೆ ಬೇಕಾದದ್ದು ಮೇಲ್ಮೈ.

ಮೇಸ್ತ್ರಿಗಳು ಸಾಮಾನ್ಯವಾಗಿ ತಪ್ಪುವುದು ಅಡ್ಡಗೋಡೆಯಲ್ಲಿ. ಕುಡಿಯುವ ನೀರಿನ ಸಂಪಿನ ರೂಢಿಯಂತೆ ಮೇಲ್ಗಡೆ ತೂತು ಬಿಡುತ್ತಾರೆ. ಆಗ ತೇಲುವ ಎಣ್ಣೆಯೇ ಮೊದಲು ಮುಂದಿನ ಕೋಣೆಗೆ ಹೋಗುತ್ತದೆ, ನೀರು ಹಿಂದೆ ಉಳಿಯುತ್ತದೆ. ಮೊದಲ ಕೋಣೆ ಮರಳಿಗೆ, ಅಲ್ಲಿಂದ ಎರಡನೆಯದಕ್ಕೆ ನೀರಿನ ನಡುಮಟ್ಟದಲ್ಲಿ ದಾರಿ. ಎರಡರಿಂದ ಮೂರಕ್ಕೆ ತಳದಿಂದ 30 ಸೆಂ.ಮೀ. ಮೇಲೆ ದಾರಿ. ಹೊರಗೆ ಹೋಗುವಲ್ಲಿ 110 ಮಿ.ಮೀ. ಪಿವಿಸಿ ಟೀ (T ಆಕಾರದ ಪೈಪು ಜೋಡಣೆ) ಹಾಕಿ, ಕೆಳಗಿನ ಕಾಲು ನೀರಿನೊಳಗೆ 50 ಸೆಂ.ಮೀ. ಮುಳುಗಿರಲಿ. ಟೀಯ ಮೇಲಿನ ಬಾಯಿಗೆ ಮುಚ್ಚಳ ಬಿಗಿಯಬೇಡಿ. ಗಾಳಿ ಆಡದಿದ್ದರೆ ಸೈಫನ್ ಹಿಡಿದು ತೊಟ್ಟಿಯ ನೀರನ್ನೇ ಎಳೆದುಬಿಡುತ್ತದೆ, ಕೊನೆಗೆ ಎಣ್ಣೆಯೂ ಹೋಗುತ್ತದೆ.

ಎಲ್ಲ ಸರಿಯಾಗಿ ಕಟ್ಟಿದರೂ ತೊಟ್ಟಿ ಸೋಲುವುದು ಸೋಪಿನಿಂದ. ಎಂಜಿನ್ ಮೇಲೆ ಡೀಸೆಲ್ ಎರಚಿ, ಮೇಲೆ ಸೋಪುಪುಡಿ ಹಾಕಿ ಹೈ ಪ್ರೆಶರ್‌ನಲ್ಲಿ ಹೊಡೆದರೆ ಎಣ್ಣೆ ಹಾಲಿನಂತೆ ಬೆರೆತುಹೋಗುತ್ತದೆ. ಆ ಹನಿಗಳು ಗಂಟೆಗಟ್ಟಲೆ ನಿಂತರೂ ಮೇಲೇಳುವುದಿಲ್ಲ. ಎಂಜಿನ್ ಜಿಡ್ಡನ್ನು ಮೊದಲು ತಟ್ಟೆಯಲ್ಲಿ ಬ್ರಷ್ ಹಚ್ಚಿ, ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ನೆಲಕ್ಕೆ ಚೆಲ್ಲಿದ ಆಯಿಲ್ ಮೇಲೆ ಸಾಮಿಲ್‌ನ ಮರದ ಹೊಟ್ಟು ಹಾಕಿ ಗುಡಿಸಬೇಕು, ನೀರು ಹೊಡೆಯಬಾರದು. ಆ ಹೊಟ್ಟು ಮುಚ್ಚಳದ ತಗಡಿನ ಡ್ರಮ್ಮಿನಲ್ಲಿರಲಿ, ಬೆಂಕಿಗೆ ದೂರ.

ಕೋಲು ಇಳಿಸಿ ನೋಡುತ್ತಿರಿ. ಮೊದಲ ಕೋಣೆಯಲ್ಲಿ ಕೆಸರು ಆಳದ ಮೂರನೇ ಒಂದು ಪಾಲಾದರೆ ತೆಗೆಯಬೇಕು. ಎಣ್ಣೆ ಎರಡು ಬೆರಳಿನಷ್ಟು ದಪ್ಪವಾದರೆ ತಂಬಿಗೆಯಿಂದ ಬಾಚಿ ಡ್ರಮ್ಮಿಗೆ ತುಂಬಬೇಕು. ಹಳೆ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬರುತ್ತದೆ, ಅನುಮತಿ ಇರುವ ಮರುಬಳಕೆದಾರರಿಗೇ ಕೊಡಬೇಕು. ಬೇಲಿಗೂಟಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯಲು ಕೊಂಡೊಯ್ಯುವ ರೂಢಿ ನಮ್ಮಲ್ಲಿದೆ. ಅದೂ ಕೊನೆಗೆ ಮಳೆಯಲ್ಲಿ ತೊಳೆದು ಮಣ್ಣಿಗೇ ಇಳಿಯುವುದು.

ತೋಡಿನಂಚು

ಮೂವರಿಗೂ ತುಂಬಾ ಧನ್ಯವಾದ. ಇಂಗುಗುಂಡಿಯ ಯೋಚನೆ ಇವತ್ತೇ ಕೈಬಿಟ್ಟೆವು. ಇನ್ನೂ ಎರಡು ಸಂಗತಿ ಕೇಳಬೇಕಿತ್ತು. ಜನವರಿಯ ನೊರೆ ಯಾರ ಪೈಪಿನದೆಂದು ಜಗಳವಿಲ್ಲದೆ ಕಂಡುಹಿಡಿಯುವುದು ಹೇಗೆ? ಕೋಳಿ ಅಂಗಡಿಯವರು ದಿನವೂ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುತ್ತೇವೆ, ನಮ್ಮದು ಶುದ್ಧವೇ ಎನ್ನುತ್ತಾರೆ. ಅದು ಸರಿಯೇ?

ನೀರುನಾಡಿ

ಕೋಳಿ ಅಂಗಡಿಯಿಂದ ಶುರು ಮಾಡುತ್ತೇನೆ, ಅಲ್ಲಿ ಪ್ರಮಾಣ ಸಣ್ಣದು, ಪೆಟ್ಟು ದೊಡ್ಡದು. ಒಂದು ಲೀಟರ್ ರಕ್ತ ಕೊಳೆಯಲು ಸುಮಾರು 150 ಗ್ರಾಂಗೂ ಮೀರಿ ಆಮ್ಲಜನಕ ಬೇಡುತ್ತದೆ. ಮಡಿಕೇರಿಯ ಎತ್ತರದಲ್ಲಿ ತಣ್ಣನೆಯ ಶುದ್ಧ ನೀರು ಲೀಟರಿಗೆ ಹಿಡಿದುಕೊಳ್ಳುವುದು 8 ಮಿಲಿಗ್ರಾಂ ಆಸುಪಾಸು. ಹಾಗಾದರೆ ಒಂದು ಲೀಟರ್ ರಕ್ತ 19,000 ಲೀಟರ್ ತೋಡಿನ ನೀರಿನ ಉಸಿರು ಕಸಿಯಬಲ್ಲದು. ಫೆಬ್ರವರಿಯಲ್ಲಿ ತೋಡಿನಲ್ಲಿ ಎಷ್ಟು ನೀರಿರುತ್ತದೆ ನೀವೇ ಯೋಚಿಸಿ. ಬ್ಲೀಚಿಂಗ್ ಪೌಡರ್ ರೋಗಾಣು ಕೊಲ್ಲುತ್ತದೆ, ರಕ್ತವನ್ನು ಇಲ್ಲವಾಗಿಸುವುದಿಲ್ಲ. ಉಳಿದ ಕ್ಲೋರಿನ್ ತೋಡು ಸೇರಿದರೆ ಮೀನಿಗೆ ಅದೇ ವಿಷ.

ಅಂಗಡಿಯವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕೊಯ್ದ ಕೋಳಿಯನ್ನು ತಗಡಿನ ಆಲಿಕೆಯಲ್ಲಿ ತಲೆಕೆಳಗಾಗಿ ಇಟ್ಟು ರಕ್ತವನ್ನು ಬಕೆಟ್‌ಗೇ ಇಳಿಸಬೇಕು. ಪುಕ್ಕ, ಕರುಳು ಮುಚ್ಚಳದ ಡ್ರಮ್ಮಿಗೆ. ನೆಲವನ್ನು ಮೊದಲು ರಬ್ಬರ್ ವೈಪರ್‌ನಲ್ಲಿ ನೀರು ಹಾಕದೆಯೇ ಎಳೆದು, ಆಮೇಲೆ ನೀರು. ತೊಳೆದ ನೀರು ಮಳೆಚರಂಡಿಗೆ ಬೀಳಲೇಬಾರದು. ಒಳಚರಂಡಿ ಇದ್ದರೆ ಅದಕ್ಕೆ, ಇಲ್ಲದಿದ್ದರೆ ಜಾಲರಿ ದಾಟಿಸಿ ಸೆಪ್ಟಿಕ್ ಟ್ಯಾಂಕಿಗೆ. ಆ ಟ್ಯಾಂಕಿನ ಇಂಗುಗುಂಡಿ ಬಾವಿಗೆ 18 ಮೀಟರಿಗಿಂತ ಹತ್ತಿರ ಇರಬಾರದು, ಲಾವಂಚ ಅವರು ಹೇಳಿದಂತೆ ಬರೆಯ ತಲೆಯ ಮೇಲಂತೂ ಇರಲೇಬಾರದು. ಹೋಟೆಲಿನ ಅಡುಗೆಮನೆ ನೀರಿಗೂ ಇದೇ ಮಾತು, ಜೊತೆಗೆ ಜಿಡ್ಡುತೊಟ್ಟಿ. ಎಣ್ಣೆಪಸೆ ಅವರು ವಿವರಿಸಿದ ಅದೇ ಮುಳುಗು ಟೀ, ಆದರೆ ವಾರಕ್ಕೊಮ್ಮೆ ಬಾಚಬೇಕು. ಕುದಿಯುವ ನೀರನ್ನು ಅದಕ್ಕೆ ಸುರಿದರೆ ಕೊಬ್ಬು ಕರಗಿ ದಾಟಿಹೋಗಿ ಮುಂದೆ ಪೈಪಿನಲ್ಲಿ ಗಟ್ಟಿಯಾಗುತ್ತದೆ.

ನೊರೆಯ ಪೈಪು ಹುಡುಕಲು: ಮೂರು ದಿನ ಮಳೆ ಬಿದ್ದಿರಬಾರದು, ಅದೊಂದೇ ಷರತ್ತು. ಬೆಳಿಗ್ಗೆ ಏಳಕ್ಕೆ ಚರಂಡಿಯ ಕೆಳತುದಿಯಿಂದ ಮೇಲಕ್ಕೆ ನಡೆಯಿರಿ. ಮಳೆಚರಂಡಿ ಆಗ ಒಣಗಿರಬೇಕು, ಹರಿಯುತ್ತಿದ್ದರೆ ಅದು ಒರತೆ ಅಥವಾ ಯಾರದೋ ಬಚ್ಚಲು. ಪ್ರತಿ ಪೈಪಿನ ಬಾಯಿಗೂ ನಂಬರ್ ಬರೆದು ಫೋಟೋ ತೆಗೆಯಿರಿ, ಮನೆಯ ಹೆಸರು ಬೇಡ. ಅರ್ಧ ಲೀಟರ್ ಬಾಟಲಿಯಲ್ಲಿ ಅರ್ಧ ತುಂಬಿಸಿ ಹತ್ತು ಸಲ ಜೋರಾಗಿ ಕುಲುಕಿ. ಒರತೆ ನೀರಿನ ಗುಳ್ಳೆ ತಕ್ಷಣ ಒಡೆಯುತ್ತದೆ, ನಿಮಿಷ ಕಳೆದರೂ ನೊರೆ ನಿಂತರೆ ಸೋಪು. ಅಕ್ವೇರಿಯಂ ಅಂಗಡಿಯ ಅಮೋನಿಯಾ ಕಿಟ್‌ನಲ್ಲಿ ಬಣ್ಣ ಏರಿದರೆ ಶೌಚದ ನೀರು ಸೇರಿರುವ ಸಾಧ್ಯತೆ ಹೆಚ್ಚು. ಪೈಪು ನೆಲದಡಿ ಹೋಗಿ ಎಲ್ಲಿಂದ ಬಂತೆಂದು ತಿಳಿಯದಿದ್ದರೆ, ಮನೆಯವರ ಒಪ್ಪಿಗೆ ಪಡೆದು ಅವರ ಬಚ್ಚಲಿಗೆ ಅಡುಗೆಗೆ ಬಳಸುವ ಬಣ್ಣ ಕಲಸಿದ ಒಂದು ಬಕೆಟ್ ನೀರು ಸುರಿದು ಕೆಳಗೆ ಕಾಯಬಹುದು. ನಗರಸಭೆಗೂ ಕೆಳಗಿನ ಗದ್ದೆಯವರಿಗೂ ಮೊದಲೇ ತಿಳಿಸಿ, ಬಣ್ಣದ ನೀರು ನೋಡಿ ಯಾರೂ ಗಾಬರಿಯಾಗಬಾರದು.

ಹೀಗೆ ಹುಡುಕಿದಾಗ ಬಹಳ ಸಲ ಸಿಗುವುದು ವಾಷಿಂಗ್ ಮೆಷಿನ್ ಪೈಪು. ಮನೆ ಕಟ್ಟಿದ ಮೇಲೆ ಮೆಷಿನ್ ಬಂದಿರುತ್ತದೆ, ಹತ್ತಿರದಲ್ಲಿ ಚಾವಣಿ ನೀರಿನ ಪೈಪು ಕಂಡಿರುತ್ತದೆ, ಅದಕ್ಕೇ ಸೇರಿಸಿರುತ್ತಾರೆ. ತಪ್ಪು ಮಾಡುತ್ತಿದ್ದೇವೆಂದು ಅವರಿಗೆ ಗೊತ್ತೇ ಇರುವುದಿಲ್ಲ. ನೋಟಿಸಿಗಿಂತ ಮೊದಲು ಪ್ಲಂಬರನ್ನು ಕರೆದುಕೊಂಡು ಹೋಗಿ. ಹೇಳಿದರೂ ಕೇಳದವರಿಗೆ 1974ರ ಜಲ ಕಾಯ್ದೆಯ 24ನೇ ಕಲಂ ಇದೆ. ಹೊಳೆ, ತೋಡು, ಬಾವಿಗೆ ಮಲಿನ ವಸ್ತು ಬಿಡುವುದನ್ನು ಅದು ನೇರವಾಗಿ ನಿಷೇಧಿಸುತ್ತದೆ, ದೂರನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬಹುದು.

ಲ್ಯಾಬಿಗೆ ಕೊಡುವುದಿದ್ದರೆ ತೋಡಿನಲ್ಲಿ ಚರಂಡಿ ಸೇರುವುದಕ್ಕಿಂತ ಮೇಲೊಂದು, ಕೆಳಗೊಂದು, ಎರಡು ಮಾದರಿ ಒಂದೇ ಹೊತ್ತಿನಲ್ಲಿ ತೆಗೆಯಿರಿ. ಕೆಳಗಿನದೊಂದನ್ನೇ ಕೊಟ್ಟರೆ ಮೇಲಿಂದಲೇ ಬಂದದ್ದು ಎಂದು ಯಾರಾದರೂ ವಾದಿಸುತ್ತಾರೆ. ರೋಗಾಣು ಪರೀಕ್ಷೆಯ ಬಾಟಲಿ ಲ್ಯಾಬಿನವರೇ ಶುದ್ಧಮಾಡಿ ಕೊಟ್ಟದ್ದಾಗಿರಬೇಕು, ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಬೇಕು. ಹೋಲಿಸಿ ನೋಡಲು ಸ್ನಾನಕ್ಕೆ ಯೋಗ್ಯವಾದ ನೀರಿನ ಮಾನದಂಡ ಇಟ್ಟುಕೊಳ್ಳಿ: ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂ ಅಥವಾ ಹೆಚ್ಚು, ಬಿಓಡಿ (ನೀರಿನ ಕೊಳಕು ಕೊಳೆಯಲು ಬೇಡುವ ಆಮ್ಲಜನಕ) 3 ಮಿ.ಗ್ರಾಂ ಅಥವಾ ಕಡಿಮೆ.

ಕಣದ ಅಂಚು

ಒಂದು ಸೇರಿಸುತ್ತೇನೆ. ಹೂಮಳೆಯ ಕಪ್ಪು ನೀರೆಲ್ಲ ಎಣ್ಣೆಯದ್ದೇ ಎಂದು ತೀರ್ಮಾನಿಸಬೇಡಿ. ಬೀದಿಯ ಮೇಲ್ಗಡೆ ತೋಟ ಇದ್ದು, ಕಾಫಿ ಪಲ್ಪಿಂಗ್ ಸಿಪ್ಪೆಯ ರಾಶಿ ಚರಂಡಿ ಪಕ್ಕ ಬಿದ್ದಿದ್ದರೆ, ಮೊದಲ ಮಳೆಗೆ ಅದರಿಂದ ಇಳಿಯುವ ರಸ ಹುಳಿಯಾಗಿ, ಕಪ್ಪಾಗಿ, ಸಿಕ್ಕಾಪಟ್ಟೆ ಆಮ್ಲಜನಕ ತಿನ್ನುವಂಥದ್ದು. ಪಿಎಚ್ ಕಾಗದ ಅದ್ದಿದರೆ ಗೊತ್ತಾಗುತ್ತದೆ. ರಾಶಿಯನ್ನು ಚರಂಡಿಯಿಂದ ದೂರ ಸರಿಸಿ, ಸುತ್ತ ಮಣ್ಣಿನ ಬದು ಹಾಕಿ, ಹೂಮಳೆಗೆ ಮುಂಚೆ ಗೊಬ್ಬರದ ಗುಂಡಿಗೆ ಹಾಕಿ ಮುಚ್ಚಿದರೆ ಮುಗಿಯಿತು.

ತೋಡಿನಂಚು

ಕಟ್ಟಡದವರು ಬಲೆ ಹಾಕಲು ಒಪ್ಪಿದ್ದಾರೆ. ಆದರೆ ಈ ವರ್ಷದ ಮಳೆಗೆ ಹೂಳುಗುಂಡಿಯಲ್ಲಿ ಆಲಂ (ಪಟಿಕ) ಹಾಕಿ ಕೆಂಪು ನೀರು ತಿಳಿಮಾಡಿ ಬಿಡುತ್ತೇವೆ, ಅದು ಸುಲಭ ಎನ್ನುತ್ತಿದ್ದಾರೆ. ಬಿಡಬಹುದೇ?

ಲಾವಂಚ

ಹರಿಯುವ ನೀರಿಗೆ ಬೇಡ. ಆಲಂ ಕೆಲಸ ಮಾಡಬೇಕಾದರೆ ಮೊದಲು ಒಂದು ನಿಮಿಷ ಜೋರಾಗಿ ಕಲಕಬೇಕು, ಆಮೇಲೆ ಕಾಲು ಗಂಟೆ ಮೆಲ್ಲಗೆ, ಆಮೇಲೆ ಅಲುಗಾಡದೆ ನಿಲ್ಲಬೇಕು. ಮಳೆ ಸುರಿಯುವಾಗ ಗುಂಡಿಯಲ್ಲಿ ಇದ್ಯಾವುದೂ ಆಗುವುದಿಲ್ಲ, ಹಾಕಿದ್ದು ಹಾಗೇ ತೋಡಿಗೆ ಹೋಗುತ್ತದೆ. ನಮ್ಮ ತೋಡುಗಳ ನೀರು ತೀರಾ ಮೆದು, ಹುಳಿಯನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಆಲಂ ಹೆಚ್ಚಾದರೆ ಪಿಎಚ್ ಜಾರಿ, ಕರಗಿದ ಅಲ್ಯೂಮಿನಿಯಂ ಮೀನಿನ ಕಿವಿರಿಗೆ ಅಂಟುತ್ತದೆ. ನೋಡಲು ಕನ್ನಡಿಯಂಥ ನೀರು, ಒಳಗೆ ಜೀವವಿಲ್ಲ.

ಅಡಿಪಾಯದ ಗುಂಡಿಯಲ್ಲಿ ನಿಂತ ನೀರನ್ನು ಪಂಪಿನಲ್ಲಿ ಹೊರಹಾಕುವಾಗ ಮಾತ್ರ ಬಳಸಬಹುದು. ಆರು ಬಾಟಲಿಯಲ್ಲಿ ಲೀಟರಿಗೆ 10, 20, 30, 40, 50, 60 ಮಿ.ಗ್ರಾಂ ಹಾಕಿ ನೋಡಿ, ತಿಳಿಯಾಗುವ ಅತಿ ಕಡಿಮೆ ಪ್ರಮಾಣವನ್ನೇ ಹಿಡಿಯಿರಿ. ಪಿಎಚ್ 6.5ಕ್ಕಿಂತ ಇಳಿದರೆ ಆ ನೀರು ಬಿಡಬೇಡಿ. ಪಂಪಿನ ಫುಟ್‌ವಾಲ್ವ್ ತಳದಲ್ಲಿ ಇಡಬಾರದು, ಖಾಲಿ ಕ್ಯಾನಿಗೆ ಕಟ್ಟಿ ಮೇಲ್ಮೈಯಿಂದ 20–30 ಸೆಂ.ಮೀ. ಕೆಳಗೆ ತೇಲಿಬಿಡಿ.

ಕಲ್ಲುಕಟ್ಟು

ಕೆಲಸದ ವೇಳೆಯ ಬಗ್ಗೆ ಒಂದು ಮಾತು. ಚರಂಡಿ ಹೂಳೆತ್ತುವ ಟೆಂಡರು ಸಾಮಾನ್ಯವಾಗಿ ಮೇ ಕೊನೆಗೆ ಎದ್ದು ಕೂರುತ್ತದೆ. ತಡ. ನಾಲ್ಕೈದು ತಿಂಗಳ ಧೂಳು, ಟೈರಿನ ಪುಡಿ, ಎಣ್ಣೆ, ಕಸ ಎಲ್ಲ ಮಾರ್ಚ್, ಏಪ್ರಿಲ್‌ನ ಒಂದೆರಡು ಮಳೆಗೇ ತೊಳೆದುಹೋಗುತ್ತದೆ, ಅದೂ ತೋಡಿನಲ್ಲಿ ನೀರು ಅತಿ ಕಡಿಮೆ ಇರುವ ಹೊತ್ತಿನಲ್ಲಿ. ಜುಲೈಯಲ್ಲಿ ಅದೇ ಕೊಳಕಿಗೆ ನೂರು ಪಾಲು ನೀರು ಬೆರೆಯುತ್ತದೆ, ಮಾರ್ಚ್‌ನಲ್ಲಿ ಬೆರೆಯುವುದಿಲ್ಲ. ಆದ್ದರಿಂದ ಫೆಬ್ರವರಿ ಮುಗಿಯುವುದರೊಳಗೆ ಬೀದಿ ಗುಡಿಸಿ, ಚರಂಡಿ ಒಣಗಿರುವಾಗಲೇ ಸಲಿಕೆಯಲ್ಲಿ ಹೂಳೆತ್ತಿ. ಎತ್ತಿದ್ದನ್ನು ದಂಡೆಯ ಮೇಲೆ ಗುಡ್ಡೆ ಹಾಕಿ ಬಿಡಬೇಡಿ, ಅದೇ ದಿನ ಟ್ರ್ಯಾಕ್ಟರಿಗೆ ಏರಿಸಿ. ಎರಡನೇ ಸಲ ಕೈಲ್ ಮುಹೂರ್ತದ (ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಹಬ್ಬ) ಹೊತ್ತಿಗೆ, ಮಳೆ ಬಿಡುವು ಕೊಟ್ಟಾಗ.

ಮಳೆ ನಿಂತು ಒಂದು ವಾರವಾದ ಮೇಲೂ, ತುಲಾ ಸಂಕ್ರಮಣದ ಆಸುಪಾಸಿನಲ್ಲಿ ತೋಡು ಕೆಂಪಾಗಿಯೇ ಇದ್ದರೆ ಮೇಲೆಲ್ಲೋ ಬರೆ ಇನ್ನೂ ಜಾರುತ್ತಿದೆ, ಇಲ್ಲವೇ ಯಾರೋ ಹೊಸದಾಗಿ ಕಡಿದಿದ್ದಾರೆ. ಆಗ ಚರಂಡಿ ಬಿಟ್ಟು ತೋಡಿನ ಮೇಲ್ದಾರಿ ಹಿಡಿದು ನಡೆಯಿರಿ, ಎರಡು ಕವಲು ಸೇರುವಲ್ಲೆಲ್ಲ ಯಾವ ಕಡೆಯ ನೀರು ಕೆಂಪೆಂದು ನೋಡುತ್ತಾ ಹೋದರೆ ಜಾಗ ಸಿಗುತ್ತದೆ.